ಮಡಿಲಕ್ಕಿ ಕೆದಕಿದ ನೀಲಕ್ಕ

ದೇವರೇ ಪ್ರತ್ಯಕ್ಷನಾಗಿ ವರ ಕೇಳು ಎಂದರೂ, 'ಮೊದಲ ನಿನ್ನ ಆಧಾರ್ ಕಾರ್ಡ್ ತೋರಸು' ಎನ್ನುವ ಪೈಕಿ ನಮ್ಮ ನೀಲಕ್ಕ. ಪೂರ್ತಿ ಹೆಸರು ನೀಲಾಂಬಿಕಾ, ಸಿಂಧನೂರು ಕಡೆಯವಳು. ಬಾಗಲಗುಂಟೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ, ಮನೆಯೊಳಗೆ ಏಟು ತಿನ್ನುವ ಹೆಂಗಸರಿಗೆ ಆಸರೆಯಾಗಲೆಂದು ಇರುವ ಸಣ್ಣ ಕೇಂದ್ರವನ್ನು ನಡೆಸುವವಳು ಅವಳೇ. ಫೋನು, ಕೋರ್ಟಿನ ಓಡಾಟ ನೋಡಿಕೊಳ್ಳುವವಳು ನಾನು, ಕೃಪಾ. ನಾನು ಈ ಊರಿನವಳು. ಪೀಣ್ಯದ ಫ್ಯಾಕ್ಟರಿಗಳು ಇತ್ತ ಚಾಚಿಕೊಳ್ಳುವ ಮೊದಲು ನಮ್ಮವರು ಇಲ್ಲಿ ರಾಗಿ ಬೆಳೆಯುತ್ತಿದ್ದರು, ಈಗ ಬಾಡಿಗೆ ಮನೆ ಬೆಳೆಯುತ್ತಾರೆ.

ನೀಲಕ್ಕನ ಅನುಮಾನಕ್ಕೆ ಮಿತಿಯಿರಲಿಲ್ಲ. ನಗುನಗುತ್ತಾ ರಾಜಿಗೆ ಬರುವ ಗಂಡನ ಮುಖ ನೋಡುವ ಮೊದಲು ಅವನ ಕೈ ನೋಡುತ್ತಿದ್ದಳು. ಫೋನಿನಲ್ಲಿ ಹೆಂಗಸು ಮಾತಾಡುತ್ತಿದ್ದರೆ ಅವಳ ಪಕ್ಕದಲ್ಲಿ ಇನ್ನೊಂದು ಉಸಿರು ಇದೆಯೇ ಎಂದು ಕಿವಿಗೊಡುತ್ತಿದ್ದಳು. ಹಾಗೆಂದು ಅವಳನ್ನು ದೂರುವುದಕ್ಕೂ ನನಗೆ ಮನಸ್ಸಿಲ್ಲ. ಹೊಡೆತ ತಾಳಲಾರದೆ ತವರಿಗೆ ಓಡಿ ಬಂದಿದ್ದವಳನ್ನು, 'ಅವ ಬದಲಾಗ್ಯಾನ, ಒಮ್ಮೆ ನಂಬು' ಎಂದು ಸ್ವಂತ ಕಾಕನೇ ಗಂಡನ ಮನೆಗೆ ವಾಪಸ್ ಬಿಟ್ಟು ಬಂದಿದ್ದ. ಹಾಗೆ ನಂಬಿ ಹೋಗಿದ್ದರ ಗುರುತು ಅವಳ ದವಡೆಯ ಮೇಲೆ ಈಗಲೂ ಇದೆ.

ಕೊರೋನಾ ಬಂದು ಊರೆಲ್ಲ ಮುಚ್ಚಿದಾಗ ನಮ್ಮ ಕೇಂದ್ರಕ್ಕೂ ಬೀಗ ಬಿತ್ತು. 'ಮನೆಯಲ್ಲೇ ಇರಿ, ಕ್ಷೇಮವಾಗಿರಿ' ಎಂದು ಟಿವಿಯಲ್ಲಿ ಬಂದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಫೋನುಗಳನ್ನು ನಮ್ಮ ನಮ್ಮ ಮನೆಗೆ ತಿರುಗಿಸಿಕೊಂಡು ಕಾದೆವು. ವಿಚಿತ್ರವೆಂದರೆ ಫೋನೇ ಬರಲಿಲ್ಲ. ಗಂಡಂದಿರಿಗೆ ಕುಡಿಯಲು ಸಿಗದೆ ಜಗಳ ಕಮ್ಮಿಯಾಗಿರಬೇಕು ಎಂದು ನಾನು ಸಮಾಧಾನ ಮಾಡಿಕೊಂಡೆ.

"ಫೋನ್ ಸುಮ್ಮಕಾಗೇತಿ ಅಂದ್ರ, ಫೋನ್ ಗಂಡನ ಕಿಸೆದಾಗ ಐತಿ ಅಂತ ತಿಳಕೋ," ಎಂದಳು ನೀಲಕ್ಕ.

ಮರುದಿನದಿಂದಲೇ ಅವಳು ಜೋಳದ ರೊಟ್ಟಿ ಬಡಿಯತೊಡಗಿದಳು. ಕೇಂದ್ರಕ್ಕೆ ಸೇರುವ ಮುಂಚೆ ಅವಳ ಹೊಟ್ಟೆಪಾಡು ಅದೇ ಆಗಿತ್ತು. ಬಾಗಲಗುಂಟೆಯ ವಠಾರಗಳಲ್ಲಿ ರಾಯಚೂರು, ಯಾದಗಿರಿ, ಕೊಪ್ಪಳದವರೇ ತುಂಬಿರುವಾಗ ರೊಟ್ಟಿಯ ಬುಟ್ಟಿಗೆ ಯಾವ ಬಾಗಿಲೂ ಮುಚ್ಚಿರುವುದಿಲ್ಲ. ಪೊಲೀಸರು ಕೂಡ ತಿನ್ನುವ ಪದಾರ್ಥ ಎಂದು ಬಿಡುತ್ತಿದ್ದರು. ಹೊಸ್ತಿಲ ಮುಂದೆ ಬುಟ್ಟಿ ಇಳಿಸಿ, "ಏನವ್ವಾ, ಶೇಂಗಾ ಚಟ್ನಿ ಹಳೇದು ಅಂತೀಯಲ್ಲ, ಮೂಸಿ ನೋಡು!" ಎಂದು ಓಣಿಗೆಲ್ಲ ಕೇಳುವಂತೆ ಜಗಳ ತೆಗೆಯುತ್ತಿದ್ದಳು. ಹೆಂಗಸರ ಚೌಕಾಸಿ ಎಂದು ಗಂಡ ಟಿವಿಯತ್ತ ತಿರುಗಿದ ಮೇಲೆ ತಗ್ಗಿದ ದನಿಯಲ್ಲಿ ಕೇಳಬೇಕಾದ್ದನ್ನು ಕೇಳುತ್ತಿದ್ದಳು. ಹಾಗೆ ಕಂಡವಳು ಸವಿತಾ.

ಸವಿತಾ ಇದ್ದದ್ದು ನಮ್ಮ ದೊಡ್ಡಮ್ಮ ವಸಂತಮ್ಮನ ವಠಾರದಲ್ಲಿ. ಯಾದಗಿರಿ ಕಡೆಯ ಹುಡುಗಿ, ಗಾರ್ಮೆಂಟ್ಸಿನಲ್ಲಿ ಹೊಲಿಯುತ್ತಿದ್ದಳು. ಗಂಡ ಪರಮಾನಂದ ಪೀಣ್ಯದಲ್ಲಿ ವೆಲ್ಡರ್. ಕುಡಿಯುತ್ತಿರಲಿಲ್ಲ, ದನಿ ಏರಿಸುತ್ತಿರಲಿಲ್ಲ, ಎಲ್ಲರಿಗೂ ಕೈ ಮುಗಿಯುತ್ತಿದ್ದ. ಒಳಗೆ ಟಿವಿ ಜೋರು ಮಾಡಿ ವೆಲ್ಡಿಂಗ್ ವೈರಿನಿಂದ ಅವಳ ಬೆನ್ನಿಗೆ ಮಾತ್ರ ಹೊಡೆಯುತ್ತಿದ್ದ. ಹಿಂದೊಮ್ಮೆ ಠಾಣೆಗೆ ಹೋಗಿದ್ದಾಗ ಅವನು ಅಲ್ಲೂ ಕೈ ಮುಗಿದು ನಿಂತಿದ್ದನಂತೆ, 'ಒಳ್ಳೆ ಗಂಡ, ಹೊಂದಿಕೊಂಡು ಹೋಗಮ್ಮ' ಎಂದು ಕಳಿಸಿದ್ದರು. ಆ ಮೇಲೆ ಪೊಲೀಸರ ಹೆಸರೆತ್ತಿದರೇ ಅವಳು ಬೆವರುತ್ತಿದ್ದಳು.

ಊರಿಗೆ ಹೋಗುವವರಿಗೆ ಬಸ್ಸು ಬಿಡುತ್ತಾರೆಂಬ ಸುದ್ದಿ ಬಂದಾಗ ಅವನು ಇಬ್ಬರ ಹೆಸರನ್ನೂ ಬರೆಸಿದ. ಅವತ್ತು ರೊಟ್ಟಿ ಎಣಿಸುವ ನೆಪದಲ್ಲಿ ಸವಿತಾ ಹೇಳಿದ್ದನ್ನು ನೀಲಕ್ಕ ನನಗೆ ಹಾಗೆಯೇ ಒಪ್ಪಿಸಿದಳು: "ಊರಾಗ ನಮ್ಮ ಮನಿ ಹೊಲದಾಗ ಐತ್ರಿ ಅಕ್ಕಾ. ಅಲ್ಲಿ ಕೂಗಿದ್ರ ಯಾರಿಗೂ ಕೇಳಂಗಿಲ್ಲ." ಬಸ್ಸು ಹೊರಡುವ ಮುಂಚೆ ಅವಳನ್ನು ಹೊರಗೆ ತರಬೇಕಿತ್ತು. ಮಾದನಾಯಕನಹಳ್ಳಿಯಲ್ಲಿ ಗುಟ್ಟಾಗಿ ಒಂದು ಮನೆ ಹಿಡಿದೆವು.

ತರಕಾರಿ ಗಾಡಿ ಬರುವ ಹೊತ್ತಿಗೆ ದೊಡ್ಡಮ್ಮ ಎಂದಿನಂತೆ ಗೇಟು ತೆಗೆಯುತ್ತಾಳೆ, ಸವಿತಾ ಚೀಲ ಹಿಡಿದು ಹೊರಗೆ ಬರುತ್ತಾಳೆ, ಮೂಲೆಯಲ್ಲಿ ನಮಗೆ ಗೊತ್ತಿದ್ದ ದೇವರಾಜನ ಆಟೋ ನಿಂತಿರುತ್ತದೆ. ಹೀಗೆಂದು ಗೊತ್ತು ಮಾಡಿಕೊಂಡಿದ್ದೆವು, ದೊಡ್ಡಮ್ಮನಿಗೂ ಹೇಳಿರಲಿಲ್ಲ. ಆದರೆ ಆ ಬೆಳಿಗ್ಗೆ ಚೀಲ ಹಿಡಿದು ಬಂದವನು ಪರಮಾನಂದ. ನಿಧಾನಕ್ಕೆ ಬದನೆಕಾಯಿ ಆರಿಸಿದ, ಬೀದಿಯ ಎರಡೂ ಕೊನೆ ನೋಡಿದ, ಆಟೋದಲ್ಲಿದ್ದ ನಮ್ಮತ್ತ ತಿರುಗಿ ಕೈ ಮುಗಿದ. ಕೆಲವು ದಿನ ಬಿಟ್ಟು ನೀಲಕ್ಕ ಬುಟ್ಟಿ ಹೊತ್ತು ಹೋದಾಗ ಸವಿತಾ ಕಿಟಕಿಯ ಸರಳಿನಿಂದ ಎಡಗೈ ಚಾಚಿ ರೊಟ್ಟಿ ತೆಗೆದುಕೊಂಡಳಂತೆ. ಬಲಗೈಯ ಬೆರಳಿಗೆ ಬಟ್ಟೆ ಸುತ್ತಿತ್ತು.

"ಯಾರೋ ಹೇಳ್ಯಾರ," ಎಂದಳು ನೀಲಕ್ಕ. ಆಮೇಲೆ ಅವಳ ಅನುಮಾನ ಒಬ್ಬೊಬ್ಬರನ್ನೇ ಮೂಸಿಕೊಂಡು ಬಂತು. ಮೊದಲು ದೇವರಾಜ. ಆಮೇಲೆ ದೊಡ್ಡಮ್ಮ. ಗೇಟಿನ ಕೀಲಿ ಅವಳ ಸೆರಗಿನಲ್ಲೇ ಇರುತ್ತದೆ, ಆ ಗೇಟನ್ನು ಬಿಟ್ಟಿ ವೆಲ್ಡ್ ಮಾಡಿಕೊಟ್ಟವನು ಪರಮಾನಂದ, ಅವಳು ಅವನನ್ನು 'ನನ್ ಮಗ' ಎನ್ನುತ್ತಾಳೆ. ಇಷ್ಟೆಲ್ಲ ಆದ ಮೇಲೆ ಅವಳ ಕಣ್ಣು ನನ್ನ ಮೇಲೆ ಬಿತ್ತು.

"ನಿಮ್ಮ ದೊಡ್ಡವ್ವಗ ನೀ ಏನಾರ ಹೇಳಿದೇನು, ಕೃಪಾ?"

"ನನ್ನನ್ನೇ ಕೇಳ್ತೀಯಾ ಅಕ್ಕ? ಹುಚ್ಚು ಹಿಡಿದಿದ್ಯಾ ನಿಂಗೆ?" ಎಂದು ನಾನು ಕಿರುಚಿದೆ.

"ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡ್ರಂತ," ಎಂದು ಗೊಣಗಿ ಫೋನಿಟ್ಟಳು. ಆರು ವರ್ಷ ಒಂದೇ ಡಬ್ಬಿಯಲ್ಲಿ ಊಟ ಮಾಡಿದವರು ನಾವು. ಕೋಪ ಬಂತೆನ್ನುವುದು ಸುಳ್ಳು, ನನಗೆ ಅಳು ಬಂತು. ಅದಕ್ಕಿಂತ ಕೆಟ್ಟದ್ದೆಂದರೆ ದೊಡ್ಡಮ್ಮನ ಮೇಲೆ ನನಗೂ ಅನುಮಾನ ಹತ್ತಿತ್ತು. ಚಿಕ್ಕಂದಿನಲ್ಲಿ ತಲೆ ಬಾಚಿ ಜಡೆ ಹಾಕಿದ ಕೈಯನ್ನು ನಾನು ಪೊಲೀಸರಂತೆ ನೋಡತೊಡಗಿದ್ದೆ.

ಬಸ್ಸಿಗೆ ಇನ್ನೆರಡು ದಿನ ಇರುವಾಗ ನೀಲಕ್ಕನೇ ಫೋನ್ ಮಾಡಿ ನನ್ನನ್ನು ವಠಾರಕ್ಕೆ ಕರೆಸಿಕೊಂಡಳು. ನಾನು ನಂಬಿಕಸ್ಥೆ ಎಂದಲ್ಲ, ನಾನು ಮತ್ತು ದೊಡ್ಡಮ್ಮ ಎದುರಾದರೆ ನಮ್ಮ ಮುಖ ನೋಡಬೇಕಿತ್ತು ಅವಳಿಗೆ. ದೊಡ್ಡಮ್ಮ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದಳು. ಬುಟ್ಟಿ ಕಂಡದ್ದೇ ತಾನಾಗಿ ಮಾತು ತೆಗೆದಳು.

"ಅಲ್ಲ ಕಣವ್ವ ರೊಟ್ಟಿಯವ್ವ, ಮೂರ್ನೇ ಮನೆ ಉಡುಗಿ ತವರಿಗೆ ಒಂಟಿದ್ಳಲ್ಲ, ಯಾಕೋ ಓಗ್ಲೇ ಇಲ್ಲ. ಅವ್ಳಿಗೆ ಮಡ್ಲಕ್ಕಿ ತೆಗ್ದು ಅಂಗೇ ಮಡ್ಗಿವ್ನಿ."

ನೀಲಕ್ಕನ ಮುಖ ಕಲ್ಲಾಯಿತು. "ನಿಮಗ ಯಾರ್ ಹೇಳಿದ್ರವ್ವ, ಆಕಿ ಹೊಂಟಾಳಂತ?"

"ಅವ್ಳೇ ಓಗೋ ಮುಂಚಿನ್ ದಿನ ಬಂದು ಕಾಲಿಗ್ ಬಿದ್ಲು. 'ಓಗ್ಬತ್ತೀನಮ್ಮ' ಅಂದ್ಳು. ಕಣ್ಣಾಗೆ ನೀರು. ತವರಿಗೇ ಇರ್ಬೇಕು ಅಂದ್ಕಂಡೆ. ಸಂಜೆ ಅವಳ್ ಗಂಡ ನಲ್ಲಿ ತಾವ ಸಿಕ್ದ. 'ಎಂಡ್ರನ್ನ ಬರೀ ಮಡ್ಲಾಗೆ ಕಳಿಸ್ಬ್ಯಾಡ ಕಣಪ್ಪ, ಬೆಳಿಗ್ಗೆ ಕರ್ಕಂಡ್ ಬಾ' ಅಂದೆ."

ನಮ್ಮ ಕಡೆ ಮುತ್ತೈದೆ ಮನೆಯಿಂದ ಹೊರಟರೆ ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ, ರವಿಕೆ ಕಣ ಸೆರಗಿಗೆ ಹಾಕಿ ಮಡಿಲು ತುಂಬುತ್ತೇವೆ. ನೀಲಕ್ಕನ ಕಡೆಯವರು ಅದನ್ನೇ ಉಡಿ ತುಂಬುವುದು ಎನ್ನುತ್ತಾರೆ. ತುಂಬಿಸಿಕೊಂಡವಳು ಮಡಿಲಿನಿಂದ ಒಂದು ಹಿಡಿ ಅಕ್ಕಿ ತೆಗೆದು ಆ ಮನೆಯ ಮೊರಕ್ಕೆ ವಾಪಸ್ ಹಾಕಬೇಕು, ಈ ಮನೆಗೆ ಮತ್ತೆ ಬರುತ್ತೇನೆ ಎಂಬ ಮಾತು ಕೊಟ್ಟಂತೆ. ಓಡಿ ಹೋಗುವವಳು ಕೂಡ ಮನೆಯ ಹಿರಿಯಳ ಕಾಲಿಗೆ ಬೀಳದೆ ಹೋಗಲಾರಳು, ಆ ಹಿರಿಯಳು ಅವಳನ್ನು ಬರಿಗೈಯಲ್ಲಿ ಕಳಿಸಲಾರಳು. ಇಬ್ಬರ ಮರ್ಯಾದೆಯೂ ಸೇರಿ ಒಂದು ಬೆರಳು ಮುರಿದಿತ್ತು.

ನನಗೆ ತಡೆಯಲಾಗಲಿಲ್ಲ. ನೀಲಕ್ಕ ತೊಡೆ ಚಿವುಟುತ್ತಿದ್ದರೂ ಬಿಡದೆ ಎಲ್ಲವನ್ನೂ ದೊಡ್ಡಮ್ಮನಿಗೆ ಹೇಳಿಬಿಟ್ಟೆ. ಅವಳು ಹುಣಸೆಹಣ್ಣಿನ ಕೈಯನ್ನು ಹಾಗೇ ಎತ್ತಿ ಹಿಡಿದು ಕೂತಳು.

"ಆ ಸದ್ದೆಲ್ಲ ಟಿವಿ ಅಂದ್ಕಂಡಿದ್ನಲ್ಲೇ ಕೃಪಾ," ಎಂದಳು. "ಅಂಗಾರೆ ಆ ಬೆರಳು ನಾನೇ ಮುರ್ದಂಗಾಯ್ತಲ್ಲ."

ಆಮೇಲೆ ಕಣ್ಣೊರೆಸಿಕೊಂಡು ಅವಳೇ ದಾರಿ ಹೇಳಿದಳು. ಊರಿಗೆ ಹೊರಟವಳಿಗೆ ಮಡಿಲು ತುಂಬುತ್ತೇನೆ ಎಂದರೆ ಅವನು ಬೇಡ ಎನ್ನಲಾರ. ಶಾಸ್ತ್ರ ನಡೆಯುವ ನಡುಮನೆಗೆ ಗಂಡಸರು ಬರುವಂತಿಲ್ಲ. ದನದ ಕೊಟ್ಟಿಗೆಯಿದ್ದ ಕಾಲದ ಹಿತ್ತಿಲ ಬಾಗಿಲೊಂದಿದೆ, ಹಳೆಯ ಡಬ್ಬ ಪೇರಿಸಿ ಮುಚ್ಚಿಹೋಗಿದೆ, ಬಾಡಿಗೆಯವರಿಗೆ ಅದು ಇರುವುದೇ ಗೊತ್ತಿಲ್ಲ. ಅದು ಹಿಂದಿನ ಗಲ್ಲಿಗೆ ತೆರೆಯುತ್ತದೆ.

ದಾರಿಗೆ ಬಂದ ಮೇಲೆ ನೀಲಕ್ಕ ಹೇಳಿದಳು: "ಬೆಳ್ಳಗಿರೋದೆಲ್ಲ ಹಾಲಲ್ಲ. ಆ ಬಾಗಿಲಾಗ ಅವನೇ ನಿಂತಿದ್ರ? ನಾಡಿದ್ದು ನೀ ನನ್ನ ಮಗ್ಗಲಾಗ ಕುಂದ್ರಬೇಕು. ನಿಮ್ಮ ದೊಡ್ಡವ್ವ ಮೋಸ ಮಾಡಿದ್ರ ನೀ ನನ್ನ ಕಣ್ಮುಂದ ಇರಬೇಕು." ನಾನು ಹೂಂ ಎಂದೆ.

ಶುಕ್ರವಾರ ಬೆಳಿಗ್ಗೆ ಹಿಂದಿನ ಗಲ್ಲಿಯಲ್ಲಿ ದೇವರಾಜ ಆಟೋ ಆಫ್ ಮಾಡದೆ ಕೂತಿದ್ದ. ಅವನ ಮೇಲೂ ಅನುಮಾನವಿದ್ದ ನೀಲಕ್ಕ ಅವನ ಫೋನನ್ನು ತನ್ನ ಬ್ಲೌಸಿನೊಳಗೆ ಇಟ್ಟುಕೊಂಡಿದ್ದಳು. ಗೋಡೆಯಾಚೆಯಿಂದ ಪರಮಾನಂದನ ಮೆತ್ತಗಿನ ದನಿ ಕೇಳಿತು: "ಅಮ್ಮಾ, ಆತೇನ್ರೀ?"

"ಇರಪ್ಪ, ಎಣ್ಮಕ್ಕಳ ಶಾಸ್ತ್ರ. ಬಿಸಿ ಪಾಯ್ಸ ಐತೆ, ಕುಡೀತಿರು," ಎಂದಳು ದೊಡ್ಡಮ್ಮ ಒಳಗಿನಿಂದ.

ನೀಲಕ್ಕ ನನ್ನ ಮೊಣಕೈ ಹಿಂಡಿದಳು. "ಕೇಳಿದೇನು? ಪಾಯಸ ಕುಡಸಾಕತ್ತಾಳ. ಇಬ್ರೂ ಮಾತಾಡ್ಕೊಂಡಾರ."

ಬಾಗಿಲು ತೆರೆಯಲಿಲ್ಲ. ಒಳಗೆ ಚಿಲಕ ಜಗ್ಗುವ ಸದ್ದು ಬಂತು, ನಿಂತಿತು. ಒಂದು ಡಬ್ಬ ಉರುಳಿತು. ದೊಡ್ಡಮ್ಮ ಮೋಸಗಾರ್ತಿ ಎಂದು ಆ ಕ್ಷಣ ನಾನೂ ನಂಬಿದೆ, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ಬಾಗಿಲು ಗೇಣಗಲ ಸರಿದು, ಅಡ್ಡಡ್ಡವಾಗಿ ಸವಿತಾ ಹೊರಗೆ ಬಂದಳು. ಹಣೆ ತುಂಬ ಕುಂಕುಮ, ಸೆರಗಿನ ಗಂಟನ್ನು ಎರಡೂ ಕೈಯಲ್ಲಿ ಹೊಟ್ಟೆಗೆ ಅವುಚಿಕೊಂಡಿದ್ದಳು. ಅವಳ ಬೆನ್ನ ಹಿಂದೆ ದೊಡ್ಡಮ್ಮನ ಬಳೆಯ ಕೈ ಮಾತ್ರ ಕಂಡಿತು. ಬಾಗಿಲು ಮುಚ್ಚಿತು.

ಒಳಗೆ ಆಮೇಲೆ ಏನಾಯಿತೆಂದು ನನಗೆ ತಿಳಿದದ್ದು ಸಂಜೆ. ಪರಮಾನಂದ ಎರಡನೇ ಲೋಟ ಪಾಯಸ ಮುಗಿಸಿ ಹೆಂಡತಿ ಎಲ್ಲಿ ಎಂದಾಗ ದೊಡ್ಡಮ್ಮ, "ಮಗ್ಳನ್ನ ಕಳಿಸ್ಕೊಟ್ಟೆ ಕಣಪ್ಪ," ಎಂದಳಂತೆ. ಅವನು ಗೇಟಿಗೆ ಓಡಿದ. ಬೀಗ ಹಾಕಿತ್ತು, ಕೀಲಿ ಅವಳ ಸೆರಗಿನಲ್ಲಿತ್ತು. ಮುಗಿಯುತ್ತಿದ್ದ ಕೈ ಅವತ್ತು ಮೊದಲ ಸಲ ಎಲ್ಲರ ಕಣ್ಣೆದುರು ಮೇಲೆದ್ದಿತು, ಆದರೆ ವಠಾರದ ಹೆಂಗಸರೆಲ್ಲ ಹೊರಗೆ ಬಂದು ದೊಡ್ಡಮ್ಮನ ಸುತ್ತ ನಿಂತರು. ಅವನು ಗೇಟನ್ನು ಒದ್ದ. ತಾನೇ ವೆಲ್ಡ್ ಮಾಡಿದ್ದು, ಅಲುಗಲಿಲ್ಲ.

ಆಟೋ ತುಮಕೂರು ರಸ್ತೆಗೆ ಸೇರಿತು. ಖಾಲಿ ರಸ್ತೆ, ಮುಚ್ಚಿದ ಗೋಡೌನುಗಳು. ನಾನು ಸವಿತಾಳಿಗೆಂದು ನೀರಿನ ಬಾಟಲಿ ತೆಗೆಯುವಷ್ಟರಲ್ಲಿ ನೀಲಕ್ಕ ಅವಳ ಸೆರಗಿನ ಗಂಟಿಗೆ ಕೈ ಹಾಕಿದ್ದಳು.

"ಬಿಡು ಅಕ್ಕ, ಏನಿದು?" ಎಂದೆ.

"ಅಕ್ಕ್ಯಾಗ ಫೋನ್ ಇಟ್ಟಿದ್ರ? ನಾವ್ ಎಲ್ಲಿ ಹೊಂಟೀವಿ ಅಂತ ಅವಗ ತಿಳೀತೈತಿ." ಅವಳು ಗಂಟು ಬಿಚ್ಚಿ ಅಕ್ಕಿಯೊಳಗೆ ಬೆರಳಾಡಿಸಿದಳು. ರವಿಕೆ ಕಣವನ್ನು ಕೊಡವಿದಳು, ಕೊಬ್ಬರಿ ಬಟ್ಟಲನ್ನು ಬೆಳಕಿಗೆ ಹಿಡಿದಳು, ಬೆಲ್ಲದ ಅಚ್ಚನ್ನು ಮುರಿದು ನೋಡಿದಳು. ಅಕ್ಕಿ ಆಟೋದ ನೆಲದ ಮೇಲೆಲ್ಲ ಚೆಲ್ಲಿತು. ಏನೂ ಸಿಗಲಿಲ್ಲ. ನನಗೆ ನಾಚಿಕೆಯಾಗಿ ಮುಖ ಹೊರಗೆ ತಿರುಗಿಸಿದೆ.

ಅಷ್ಟಕ್ಕೂ ಅವಳಿಗೆ ಸಮಾಧಾನವಿಲ್ಲ. ಈಗ ಸವಿತಾಳನ್ನೇ ದಿಟ್ಟಿಸಿದಳು. ಬಿಟ್ಟು ಬಂದು ತಿಂಗಳೊಳಗೆ ವಾಪಸ್ ಹೋದ ಎಷ್ಟೋ ಜನರನ್ನು ನೋಡಿದವಳು ಅವಳು, ತಾನೂ ಹಾಗೆ ಹೋಗಿದ್ದವಳು. "ಖರೇ ಹೇಳು. ಹಿಡಿ ಅಕ್ಕಿ ಆಕಿ ಮೊರಕ್ಕ ವಾಪಸ್ ಹಾಕಿ ಬಂದೇನು?"

"ಹಾಕಾಕ ಹೋಗಿದ್ನಿರೀ ಅಕ್ಕಾ," ಎಂದಳು ಸವಿತಾ. "ಅಮ್ಮ ನನ್ನ ಕೈ ಗಟ್ಟಿ ಹಿಡಕೊಂಡ್ರು. ಬ್ಯಾಡ ಅಂದ್ರು."

"ಬ್ಯಾಡ ಅಂದ್ರ?"

"'ಈ ಮನಿಗೆ ತಿರುಗಿ ಬರಬ್ಯಾಡ ಮಗಳೇ, ಒಂದು ಕಾಳೂ ಇಲ್ಲಿ ಬಿಡಬ್ಯಾಡ, ಎಲ್ಲಾ ತಗೊಂಡು ಹೋಗು' ಅಂದ್ರು. ಅಳಾಕತ್ತಿದ್ರು."

ನೀಲಕ್ಕ ಸೀಟಿನಿಂದ ಜಾರಿ ಕೆಳಗೆ ಕುಳಿತು, ಚೆಲ್ಲಿದ ಅಕ್ಕಿಯನ್ನು ಆಯತೊಡಗಿದಳು. ದೇವರಾಜನ ಸೀಟಿನ ಅಡಿ, ನನ್ನ ಚಪ್ಪಲಿಯ ಪಕ್ಕ, ಮ್ಯಾಟಿನ ಸಂದಿಯಲ್ಲಿ ಸಿಕ್ಕಿದ್ದನ್ನೆಲ್ಲ ಬೆರಳ ತುದಿಗೆ ಹತ್ತಿಸಿಕೊಂಡು ಸವಿತಾಳ ಮಡಿಲಿಗೆ ಹಾಕುತ್ತಾ ಬಂದಳು. ಮಾದನಾಯಕನಹಳ್ಳಿಯ ತಿರುವು ಬರುವವರೆಗೂ ತಲೆ ಎತ್ತಲಿಲ್ಲ. ಒಂದು ಕಾಳೂ ಬಿಡಲಿಲ್ಲ.