ಸೋತು ಬಂದ ಡಾಕ್ಟರು

ಎರಡು ಸಲ ಗೆದ್ದು ಶಾಸಕರಾಗಿದ್ದ ಡಾಕ್ಟರು ಮೂರನೆಯ ಸಲ ಮಣ್ಣುಮುಕ್ಕಿದರು. ಅವರೇನು ಕೈಕಟ್ಟಿ ಕೂತವರಲ್ಲ. ಊರಿಗೆ ಹೆರಿಗೆ ಆಸ್ಪತ್ರೆ ತಂದವರು, ಹೊಳೆಗೆ ಸೇತುವೆ ಕಟ್ಟಿಸಿದವರು. ಸದನದಲ್ಲಿ ಮಂತ್ರಿಯೊಬ್ಬರು ಅರಚಾಡಿದಾಗ, "ಸ್ವಾಮಿ, ಮೊದಲು ಬಿಪಿ ನೋಡಿಸ್ಕೊಳ್ಳಿ, ಆಮೇಲೆ ಉತ್ತರ ಕೊಡಿ" ಎಂದು ಎರಡೂ ಕಡೆಯವರನ್ನು ನಗಿಸಿದವರು. ಅಂಥವರನ್ನು ಸೋಲಿಸಿದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಉರಿಯನ್ನು ನುಂಗಿಕೊಂಡು ಹಳೆಯ ಕ್ಲಿನಿಕ್ಕಿನ ಬೀಗ ತೆಗೆದರು. ಹೆಂಡತಿ ಮೇಜು ಒರೆಸಿ, ಔಷಧಿಯ ಕಪಾಟು ಜೋಡಿಸಿಕೊಟ್ಟರು. ಮತದಾರರು ಕೈಬಿಟ್ಟಾಯಿತು, ಇನ್ನು ರೋಗಿಗಳೂ ಕೈಬಿಟ್ಟರೆ ತಾನು ಯಾತಕ್ಕೂ ಬೇಡದವನು ಎಂಬ ಅಳುಕು ಡಾಕ್ಟರಿಗೆ.

ಜನ ಬಂದರು, ಬರದೆ ಏನು. ಆದರೆ ಶಾಸಕರ ಮುಂದೆ ನಿಂತೇ ರೂಢಿಯಾದವರು, ಒಬ್ಬರಾದರೂ ರೋಗಿಯ ಸ್ಟೂಲಿನ ಮೇಲೆ ಕೂರಬೇಕಲ್ಲ. ಒಬ್ಬನಿಗೆ ವರ್ಗಾವಣೆ ಬೇಕು, ಇನ್ನೊಬ್ಬಳಿಗೆ ನಲ್ಲಿಯಲ್ಲಿ ನೀರು. ದರ್ಜಿಯಂತೂ ಖೊಕ್‌ಖೊಕ್ ಕೆಮ್ಮುತ್ತಲೇ ಬೀದಿದೀಪದ ದೂರು ಹೇಳಿದ.

"ಅದಿರಲಿ, ಕೆಮ್ಮು ಯಾವಾಗಿಂದ?"

"ನಿಮ್ಮಂಥ ದೊಡ್ಡೋರಿಗೆ ನನ್ನ ಕೆಮ್ಮು ಯಾಕೆ ಸಾರ್. ಅದಕ್ಕೆ ಬೇರೆ ಡಾಕ್ಟ್ರ ಹತ್ರ ಹೋಗ್ತೀನಿ."

ಫಲಿತಾಂಶದ ದಿನವೂ ಡಾಕ್ಟರಿಗೆ ಇಷ್ಟು ಸಂಕಟವಾಗಿರಲಿಲ್ಲ.

ಸಂಜೆ ಬಂದವನು ಮೈಕಿನವ. ಎದುರು ಪಕ್ಷದ ಜೀಪಿನಲ್ಲಿ ಕೂತು, ಡಾಕ್ಟರನ್ನು ಸೋಲಿಸಿ ಎಂದು ಊರೆಲ್ಲ ಕೂಗಿಕೊಂಡು ತಿರುಗಿದ್ದ ಪುಣ್ಯಾತ್ಮ. ಬಂದವನೇ ಸೀದಾ ಸ್ಟೂಲಿನ ಮೇಲೆ ಕೂತು ಬಾಯಿ ತೆರೆದ. ಗಂಟಲು ಕೆಂಪಗೆ ಬಾತುಕೊಂಡಿತ್ತು, ಸ್ವರವೇ ಇಲ್ಲ.

ಡಾಕ್ಟರು ಖುಷಿಯಿಂದ ಟಾರ್ಚು ಬಿಟ್ಟು ನೋಡಿದರು. "ನನ್ನ ಬೈದೂ ಬೈದೂ ಹೀಗಾಗಿದೆ ಕಣಯ್ಯ. ಉಪ್ಪುನೀರಲ್ಲಿ ಮುಕ್ಕಳಿಸು, ಮಾತ್ರೆ ಕೊಡ್ತೀನಿ, ಒಂದು ವಾರ ತುಟಿ ಪಿಟಕ್ ಅನ್ನಬೇಡ. ಅಲ್ಲ, ನಾನು ನಿನಗೇನು ಅನ್ಯಾಯ ಮಾಡಿದ್ದೆ?"

ಮೈಕಿನವ ಪಿಸುಗುಟ್ಟಿದ. "ಏನೂ ಇಲ್ಲ ಡಾಕ್ಟ್ರೇ. ಹೋದ ವರ್ಷ ಮಗೂಗೆ ಜ್ವರ ನೆತ್ತಿಗೇರಿತ್ತು. ಎತ್ಕೊಂಡು ಓಡಿ ಬಂದ್ರೆ ಇಲ್ಲಿ ಬೀಗ, ನೀವು ರಾಜಧಾನೀಲಿ. ಹೇಗೋ ಉಳೀತು ಅನ್ನಿ. ನೀವು ಸೋತ್ರೆ ತಾನೇ ಇಲ್ಲಿ ಕೂರೋದು? ಅದಕ್ಕೇ ಕೂಗಿದೆ."

ಡಾಕ್ಟರ ಕಣ್ಣು ತುಂಬಿ ಬಂತು. ಇವನನ್ನು ಬೈಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯದೆ ಕಪಾಟಿನ ಕಡೆ ತಿರುಗಿ, "ಕೇಳಿಸ್ಕೊಂಡ್ಯೇನೇ ಇವನ ಮಾತು?" ಎಂದರು.

ಮಾತ್ರೆ ಕಟ್ಟುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ.

"ಕೇಳಿಸ್ತು ರೀ. ನಾನು ಕೂಗಲಿಲ್ಲ ಅಷ್ಟೇ. ವೋಟು ಮಾತ್ರ ಇವನು ಹೇಳಿದ ಕಡೆಗೇ ಹಾಕಿದ್ದು."