ಟಾವೆಲ್ ಹಾಕಿ ಹಿಡಿದ ಜಾಗ

ನಮ್ಮ ಪಾಸ್ಟರ್ ಸಾಹೇಬರ ಎಡ ಹೆಗಲ ಮೇಲೆ ಯಾವಾಗಲೂ ಒಂದು ಕೆಂಪು ಚೌಕಡಿ ಟಾವೆಲ್ ಇರುತ್ತಿತ್ತು. ಅದರ ಒಂದು ತುದಿಗೆ ಪುಠಾಣಿಯ, ಅಂದರೆ ಹುರಿಗಡಲೆಯ, ಗಂಟು. ತಿನ್ನಲಿಕ್ಕಲ್ಲ, ಭಾರಕ್ಕೆ. ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮ ಕಾಸಾರಶಿರಸಿಯ ಸ್ಟ್ಯಾಂಡಿಗೆ ನಿಲಂಗಾ ಬಸ್ಸು ಬಂದು ನಿಲ್ಲುವ ಮೊದಲೇ ಆ ಟಾವೆಲ್ ಅವರ ಕೈಯಿಂದ ಹಾರಿ, ಕಿಟಕಿಯೊಳಗೆ ಹೊಕ್ಕು, ಸೀಟಿನ ಮೇಲೆ ಬಿದ್ದಿರುತ್ತಿತ್ತು. ಆಳು ಕುಳ್ಳ. ಆದರೆ ಬೀರಪ್ಪನ ಒಕ್ಕಲಿನ ಕುರಿ ಕಾಯುವ ಮನೆಯಲ್ಲಿ ಹುಟ್ಟಿ, ಕವಣೆ ಬೀಸಿ ಬೆಳೆದ ತೋಳು. ಗುರಿ ತಪ್ಪಿದ್ದನ್ನು ನಾನು ಕಂಡಿಲ್ಲ.

ನಮ್ಮ ಕಡೆ ಟಾವೆಲ್ ಬಿದ್ದ ಸೀಟು ಅಂದರೆ ಮುಗಿಯಿತು. ಹೆಂಗಸರಿಗೆ ಅರ್ಧ ಟಿಕೀಟು ಆದಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ, ಆದರೂ ಆ ಸೀಟಿನ ಮೇಲೆ ಬೇರೆಯವರು ಕೂರುವುದಿಲ್ಲ. ಕೂತರೆ ಬಸ್ಸೆಲ್ಲ ಬೈಯುತ್ತದೆ. ಮೋಜೆಂದರೆ, ಹಾಗೆ ಹಿಡಿದ ಜಾಗದಲ್ಲಿ ಸಾಹೇಬರು ತಾವು ಕೂತದ್ದೇ ಅಪರೂಪ. ಯಾರೋ ಮುದುಕಿ, ಯಾರೋ ಕೂಸಿನ ತಾಯಿ, ಯಾವ ಜಾತಿ ಯಾವ ಊರು ಕೇಳುತ್ತಿರಲಿಲ್ಲ, ಅವರನ್ನು ಕೂರಿಸಿ ಪುಠಾಣಿಯನ್ನೂ ಅವರ ಕೈಗೇ ಬಿಚ್ಚಿಕೊಟ್ಟು ತಾವು ಕಂಬಿ ಹಿಡಿದು ನಿಲ್ಲುವರು. ನಾವು ಅವರು ಹಾಗೆ ನಿಂತದ್ದನ್ನೇ ಹೆಚ್ಚು ನೋಡಿದ್ದು. ಚಹಾ ಕೂಡ ನಿಂತೇ, ಬಸಿಯಲ್ಲಿ ಸುರುವಿಕೊಂಡು.

ಭಾನುವಾರದ ಅವರ ಪ್ರಸಂಗ ಅರ್ಧ ಕನ್ನಡ, ಅರ್ಧ ಮರಾಠಿ. ಎಲ್ಲಿಂದ ಶುರು ಮಾಡಿದರೂ ಒಂದೇ ಮಾತಿಗೆ ಬಂದು ನಿಲ್ಲುವರು. ಲೋಕ ಹುಟ್ಟುವ ಮೊದಲೇ ದೇವರು ತನ್ನವರನ್ನು ಆರಿಸಿಕೊಂಡಿದ್ದಾನೆ, ಅದು ಅವರ ಗುಣ ನೋಡಿ ಅಲ್ಲ, ಬರೀ ಕೃಪೆಯಿಂದ. ಅವರಿಗೆ ಅದು ಹಬ್ಬದ ಮಾತು, ಹೇಳುವಾಗ ಮುಖ ಅರಳುತ್ತಿತ್ತು. ನಮ್ಮವ್ವನಿಗೆ ಮಾತ್ರ ಅದನ್ನು ಕೇಳಿ ಅಂಜಿಕೆ ಹೊಕ್ಕಿತು. ಆರಿಸಿದವರು ಅಂತ ಇದ್ದರೆ ಬಿಟ್ಟವರೂ ಇರಬೇಕಲ್ಲ, ತಾನು ಅವರಲ್ಲಿ ಇದ್ದರೆ?

ಅವಳ ಅಂಜಿಕೆಗೆ ಕಾರಣವಿತ್ತು. ಸಭೆಯಲ್ಲಿ ಎದ್ದುನಿಂತು, ದೇವರು ತಮ್ಮನ್ನು ಕರೆದ ಬಗೆಗೆ ಸಾಕ್ಷಿ ಹೇಳುವವರೆಲ್ಲ ಕನಸು ಕಂಡವರು. ಒಬ್ಬರಿಗೆ ಬೆಳಕು ಕಾಣಿಸಿತ್ತು, ಇನ್ನೊಬ್ಬರನ್ನು ಒಂದು ದನಿ ಹೆಸರು ಹಿಡಿದು ಕರೆದಿತ್ತು. ಅವ್ವ ದಿನವೆಲ್ಲ ತೊಗರಿ ಹೊಲದಲ್ಲಿ ದುಡಿದು ಬಂದು ತಲೆ ಇಟ್ಟರೆ ಕೋಳಿ ಕೂಗುವವರೆಗೆ ಕಲ್ಲು. ಕನಸು ಎಲ್ಲಿಂದ ಬೀಳಬೇಕು? ಹಾಗಾಗಿ ಕರ್ತನ ಭೋಜನದ ದಿನ, ಯೇಸುವಿನ ನೆನಪಿಗೆ ಹಂಚುವ ರೊಟ್ಟಿಯ ತಟ್ಟೆ ತನ್ನ ಮುಂದೆ ಬಂದರೆ, ಅದು ಆರಿಸಿದವರ ಪಾಲು ಅಂತ ಮುಟ್ಟದೆ ನನಗೆ ದಾಟಿಸುತ್ತಿದ್ದಳು. ವರುಷಗಟ್ಟಲೆ ಹಾಗೇ ನಡೆಯಿತು. ಸಾಹೇಬರು ನಮ್ಮ ಮನೆಗೆ ಬಂದು, ಬಾಗಿಲಿಗೆ ಒರಗಿ ನಿಂತೇ ಶೇಂಗಾ ಹಿಂಡಿ ಹಚ್ಚಿಕೊಂಡು ರೊಟ್ಟಿ ತಿನ್ನುತ್ತ, ಬೈಬಲ್ ತೆರೆದು ತಿಳಿಸಿ ಹೇಳಿದರು. ಅವ್ವ ಎಲ್ಲದಕ್ಕೂ ಹೂಂಗುಟ್ಟಿದಳು. ಮುಂದಿನ ಸಲ ತಟ್ಟೆ ಮತ್ತೆ ನನ್ನ ಕೈಗೇ ಬಂತು.

ಅವ್ವನ ಕಣ್ಣು ತೋರಿಸಲು ನಿಲಂಗಾಕ್ಕೆ ಹೊರಟ ದಿನ ಸ್ಟ್ಯಾಂಡಿನಲ್ಲಿ ಸಾಹೇಬರೂ ಇದ್ದರು. ಸಂತೆಯ ದಿನ, ನೂಕುನುಗ್ಗಲು. ಟಾವೆಲ್ ಹಾರಿತು. ನಾವಿಬ್ಬರೂ ಹೇಗೋ ಒಳಗೆ ತೂರಿದೆವು, ಸಾಹೇಬರು ಬಾಗಿಲಲ್ಲೇ ಸಿಕ್ಕಿಬಿದ್ದರು, ಒಳಗಿನದು ಅವರಿಗೆ ಕಾಣುವಂತಿರಲಿಲ್ಲ. ಕೆಂಪು ಟಾವೆಲ್ ಮೂರನೇ ಸಾಲಿನಲ್ಲಿ ಬಿದ್ದಿತ್ತು. ಕೂಡು ಅಂದೆ. ಅವ್ವ ಒಲ್ಲೆ ಅಂದಳು.

"ಸಾಹೇಬ್ರು ಯಾರಿಗೋ ಹಿಡದಾರ. ನನಗಂತ ಹೆಂಗ ಅನ್ಕೊಳ್ಳಲಿ?"

ಅಷ್ಟೇ ಅಲ್ಲ, ಸೀಟಿಗೆ ಅಡ್ಡ ನಿಂತು ಕಾವಲು ಕಾಯತೊಡಗಿದಳು. ಬುಟ್ಟಿ ಇಡಲು ಬಂದವಳನ್ನು ಗದರಿಸಿದಳು. ಕಂಡಕ್ಟರ್ ಬಂದು, "ಆಜೀ, ಜಾಗಾ ಖಾಲಿ ಆಹೇ, ಬಸಾ ನಾ," ಜಾಗ ಖಾಲಿ ಇದೆ ಕೂಡ್ರಿ ಅಂತ ಮರಾಠಿಯಲ್ಲಿ ಹೇಳಿದರೆ ಅವನಿಗೂ ಕೈ ಅಡ್ಡ ಮಾಡಿದಳು. ಹೀಗೆ ನಿಲಂಗಾದವರೆಗೆ ಅವ್ವ ನಿಂತಳು, ಅವಳ ಜೊತೆ ನಾನೂ. ಟಾವೆಲ್ ಮಾತ್ರ ಆರಾಮಾಗಿ ಕೂತು ಬಂತು.

ಇಳಿದಮೇಲೆ ಅವ್ವ ಟಾವೆಲನ್ನು ಗಂಟಿನ ಸಮೇತ ಸಾಹೇಬರ ಕೈಗೆ ಕೊಟ್ಟು, ಯಾರಿಗೂ ಕೂಡಗೊಡಲಿಲ್ಲ ಅಂತ ಹೆಮ್ಮೆಯಿಂದ ಹೇಳಿದಳು. ಅವರು ಅವಳ ಬಾತ ಕಾಲು ನೋಡಿದರು. ಆಮೇಲೆ ನಗು ಶುರುವಾಯಿತು ನೋಡಿ, ಕಟ್ಟೆ ಹಿಡಿದು ಕೂತುಬಿಟ್ಟರು. ಅವರು ಕೂತದ್ದನ್ನು ಅವತ್ತೇ ನೋಡಿದೆ.

"ಅಕ್ಕಾ, ನೀವು ಸ್ಟ್ಯಾಂಡಿಗಿ ಬರೋಕಿಂತ ಮೊದ್ಲೇ ನಿಮಗಂತ ಹಿಡೀಬೇಕಂತ ಮಾಡಿದ್ದೆ. ನಿಮ್ಮ ಜಾಗಾ ನೀವೇ ಕಾಯ್ಕೋತ ನಿಂತ್ರಿ?"

ಅವ್ವ ತನ್ನ ಕಾಲು ನೋಡಿಕೊಂಡು ಡಾಕ್ಟರ ಮನೆಯ ದಾರಿ ಹಿಡಿದಳು.

ಮುಂದಿನ ಕರ್ತನ ಭೋಜನದ ದಿನ ಚಾಪೆಯ ಮೇಲೆ ಸಾಲಾಗಿ ಕೂತಿದ್ದೆವು. ತಟ್ಟೆ ಹಿಡಿದು ಬಂದ ಸಾಹೇಬರು ಅವ್ವನ ಮುಂದೆ ನಿಂತು, ಹೆಗಲ ಟಾವೆಲ್ ತೆಗೆದು ಅವಳ ಮೊಣಕಾಲ ಮುಂದೆ ಹಾಸಿದರು. ಪ್ರಸಂಗವಿಲ್ಲ, ವಚನವಿಲ್ಲ. ಅವ್ವ ಸೆರಗು ಬಾಯಿಗೆ ಒತ್ತಿ ನಗು ತಡೆದಳು.

"ಕನಸು ಇನ್ನಾ ಬಿದ್ದಿಲ್ಲ್ರಿ," ಅಂದಳು ಮೆಲ್ಲಗೆ.

"ನೀವು ನಿದ್ದಿ ಮಾಡ್ರಿ ಅಕ್ಕಾ. ಜಾಗಾ ಹಿಡದಾಂವ ಎಚ್ಚರ ಇದ್ದಾನ."

ಅವ್ವ ಕೈ ಚಾಚಿದಳು. ಹೊಲದ ದುಡಿಮೆಗೆ ಬಿರುಕು ಬಿಟ್ಟ ಆ ಅಂಗೈಯಲ್ಲಿ ರೊಟ್ಟಿಯ ತುಣುಕು ಕೂತದ್ದು ಈಗಲೂ ಕಣ್ಣ ಮುಂದಿದೆ. ಆಮೇಲೆ ಒಂದು ಸಲವೂ ಅವಳು ತಟ್ಟೆ ದಾಟಿಸಲಿಲ್ಲ.

ಹೋದ ಚಳಿಗಾಲ ಸಾಹೇಬರು ಉದಗೀರದಲ್ಲಿ, ಮಗಳ ಮನೆಯಲ್ಲಿ ತೀರಿಕೊಂಡರು. ಅವ್ವನನ್ನು ಕರೆದುಕೊಂಡು ಹೋದೆ. ಅಂಗಳದಲ್ಲಿ ಪೆಟ್ಟಿಗೆ ಇಟ್ಟಿದ್ದರು. ಅವರ ಹೆಗಲ ಮೇಲೆ ಒಗೆದು ಮಡಚಿದ ಕೆಂಪು ಟಾವೆಲ್ ಇತ್ತು, ತುದಿಯಲ್ಲಿ ಗಂಟಿರಲಿಲ್ಲ. ಅವ್ವ ಸೊಂಟದ ಸಂಚಿ ಬಿಚ್ಚಿ, ಒಂದು ಹಿಡಿ ಪುಠಾಣಿ ತೆಗೆದು, ಟಾವೆಲಿನ ತುದಿಗೆ ಗಂಟು ಕಟ್ಟಿದಳು. ಆಮೇಲೆ ಬಾಗಿ, ಎದುರುಮನೆಯವರ ಜೊತೆ ಮಾತಾಡುವಂತೆ ಅಂದಳು:

"ಅಲ್ಲಿ ಹೋದಮ್ಯಾಲರೆ ಕೂಡ್ರಿ ಸಾಹೇಬ್ರ. ನಿಂದ್ರಬ್ಯಾಡ್ರಿ."