ಬಿಷಪ್ಪರ ಹೆಸರಿನ ನಡುವಿನ ಅಕ್ಷರ

ನಮ್ಮೂರಿನ ಬಿಷಪ್ ಹ್ಯಾಡ್ಲಾಕ್ ವಾರವೆಲ್ಲ ಹಸುಗಳ ಹಾಲು ಕರೆಯುವವರು, ಭಾನುವಾರ ಬಿಳಿ ಅಂಗಿ ತೊಟ್ಟು, ಟೈ ಬಿಗಿದು ನಮ್ಮನ್ನೆಲ್ಲ ಕಾಯುವವರು. ನಮ್ಮ ಮಾರ್ಮನ್ ಚರ್ಚಿನಲ್ಲಿ ಬಿಷಪ್ ಎಂದರೆ ಸಂಬಳವಿಲ್ಲದೆ ಸಭೆ ನೋಡಿಕೊಳ್ಳುವ ಊರಿನ ಸಂಸಾರಸ್ಥರೇ. ಇಲ್ಲಿನ ಹಿರಿಯರು ಹೆಸರಿನ ನಡುವೆ ಒಂದು ಅಕ್ಷರ ಸಿಕ್ಕಿಸಿಕೊಳ್ಳುತ್ತಾರೆ. ಇವರಿಗಂತೂ ಅದಿಲ್ಲದಿದ್ದರೆ ಬೆತ್ತಲೆ ನಿಂತ ಹಾಗೆ. ಹೆಂಡತಿಯೇ ಫೋನ್ ಮಾಡಿದರೂ "ಆರ್ವಲ್ ಝಡ್. ಹ್ಯಾಡ್ಲಾಕ್" ಎನ್ನುವರು. "ಬಿಷಪ್ಪರೇ, ಆ ಝಡ್ ಅಂದ್ರೆ ಏನ್ರೀ, ಝೀಬ್ರಾನಾ?" ಎಂದು ನಾನು ಕೆಣಕಿದರೆ, "ನಮ್ಮಪ್ಪ ಕೊಟ್ಟಿದ್ದು ಕಣಯ್ಯಾ ಕ್ರಾಂಡಲ್, ಅಷ್ಟು ಸಾಕು" ಎನ್ನುವರು. ಸಾವಿನ ಮನೆಗೆ ಆಲೂಗಡ್ಡೆ-ಚೀಸಿನ ತಟ್ಟೆ ಹಿಡಿದು ಮೊದಲು ಬರುವವರು ಅವರೇ. ಕೂಸಿಗೆ ಹೆಸರಿಡುವಾಗ ಗಂಡಸರೆಲ್ಲ ಸುತ್ತ ನಿಂತು ಅಂಗೈ ಮೇಲೆ ಕೂಸನ್ನು ಮೆಲ್ಲಗೆ ಕುಲುಕುತ್ತಾರಲ್ಲ, ಆಗ "ನಡುವಿನ ಅಕ್ಷರ ಎಲ್ಲಯ್ಯಾ?" ಎಂದು ತಂದೆಯನ್ನು ಗದರುವವರೂ ಅವರೇ. ನನ್ನ ಮಗಳು ಉಸಿರಿಲ್ಲದೆ ಹುಟ್ಟಿದಳು. ಅಂಥ ಕೂಸಿಗೆ ಸುತ್ತ ನಿಂತು ಹೆಸರಿಡುವ ಪದ್ಧತಿ ನಮ್ಮಲ್ಲಿಲ್ಲ. ಗುಂಡಿಯ ಪಕ್ಕ ನನ್ನ ಹೆಂಡತಿ "ಎಲ್ಸಿ ಅಂತ ಕರೀಬೇಕು ಅಂದ್ಕೊಂಡಿದ್ದೆ, ಹೆಸರಿಲ್ದೆ ಮಣ್ಣಿಗೆ ಹಾಕ್ತೀರಾ?" ಎಂದು ಅತ್ತಾಗ ನನಗೆ ರೇಗಿತು. "ಏನ್ರೀ ಬಿಷಪ್ಪರೇ, ನಿಮ್ ಅಕ್ಷರ ಎಲ್ಲಾ ಬದುಕಿರೋರಿಗೆ ಮಾತ್ರಾನಾ?" ಎಂದು ಕೂಗಿಬಿಟ್ಟೆ. ಅವರು ಮಂಡಿಯೂರಿ, ಬಿಳಿ ಅಂಗಿಗೆ ಕೆಸರು ಮೆತ್ತಿದ್ದನ್ನೂ ಲೆಕ್ಕಿಸದೆ, ಪುಟ್ಟ ಪೆಟ್ಟಿಗೆಯನ್ನು ಅಂಗೈ ಮೇಲೆತ್ತಿಕೊಂಡು, ಒಬ್ಬರೇ ಮೆಲ್ಲಗೆ ಕುಲುಕುತ್ತ "ಎಲ್ಸಿ ಝಡ್. ಕ್ರಾಂಡಲ್" ಎಂದರು. ಮುಂದಿನ ಭಾನುವಾರದಿಂದ ಇವತ್ತಿನವರೆಗೂ ವೇದಿಕೆ ಹತ್ತಿ "ನಾನು ಆರ್ವಲ್ ಹ್ಯಾಡ್ಲಾಕ್" ಎಂದಷ್ಟೇ ಹೇಳುತ್ತಾರೆ. ಮುದುಕನಿಗೆ ತನ್ನ ಹೆಸರೇ ಮರೆತುಹೋಯಿತೆಂದು ಊರು ನಗುತ್ತದೆ. ಹಾಗೆ ನಗುವವರ ಹಲ್ಲು ಉದುರಿಸಬೇಕೆನ್ನಿಸುತ್ತದೆ ನನಗೆ.